ತುರ್ಭೆಯಲ್ಲಿ ಪಡುವಲ ಗಾಳಿ

ತುರ್ಭೆಗೆ ಯಾರೂ ಪ್ರವಾಸಕ್ಕೆಂದು ಹೋಗುವುದಿಲ್ಲ. ಮಾಥೇರಾನಿಗೆ ಹೋಗುತ್ತಾರೆ, ಘಾರಾಪುರಿಯ ಗುಹೆಗಳಿಗೆ ಹೋಗುತ್ತಾರೆ. ತುರ್ಭೆಗೆ ಹೋಗುವವರು ಉಳ್ಳಾಗಡ್ಡಿ, ಬೆಳ್ಳುಳ್ಳಿಗಳಿಗಾಗಿ ಹೋಗುತ್ತಾರೆ. ಮನೆಯಲ್ಲಿ ಮದುವೆಯಿದ್ದರೆ ಅಕ್ಕಿ, ಬೇಳೆ, ಮೆಣಸಿನಕಾಯಿಗಳಿಗಾಗಿ ಹೋಗಿ, ಚೀಲ ಹೊತ್ತುಕೊಂಡು ಬಂದ ದಾರಿಯಲ್ಲಿಯೇ ಹಿಂದಿರುಗುತ್ತಾರೆ. ಹಾಗಿದ್ದೂ ಈ ಪತ್ರಿಕೆಯ ವಾಚಕರನ್ನು ನಾನು ಇಂದು ತುರ್ಭೆಗೇ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಗಾಳಿಯನ್ನೂ ಮೋಡವನ್ನೂ ನೋಡುವುದಕ್ಕೆ ನಮ್ಮ ಈ ಠಾಣೆ, ಕಲ್ಯಾಣಗಳ ಸೀಮೆಯಲ್ಲಿ ಅದಕ್ಕಿಂತ ಅನುಕೂಲವಾದ ಸ್ಥಳವನ್ನು ನಾನು ಕಂಡಿಲ್ಲ. ಅಲ್ಲದೆ ನನ್ನ ತಂಗಿಯ ಮನೆ ಅಲ್ಲಿದೆ.

ಡೋಂಬಿವಲಿಯಿಂದ ಹೊರಟವರು ಠಾಣೆಯಲ್ಲಿ ಇಳಿದು ಗಾಡಿ ಬದಲಿಸಬೇಕು. ಅಲ್ಲಿಂದ ವಾಶಿಯ ಕಡೆಗೆ ಹೋಗುವ ಮಾರ್ಗ 2004ರಲ್ಲಿ ಆರಂಭವಾದದ್ದು. ದಿಘಾ ಗಾಂವ್, ಐರೋಲಿ, ರಬಾಳೆ, ಘಣಸೋಲಿ, ಕೋಪರ್ ಖೈರಣೆ, ಅನಂತರ ತುರ್ಭೆ. ಕಿಟಕಿಯ ಪಕ್ಕದಲ್ಲಿ ಸ್ಥಳ ಸಿಕ್ಕರೆ ಎಡಗಡೆಗೆ ಪಾರಸಿಕ್ ಗುಡ್ಡದ ಸಾಲು ನಿಮ್ಮ ಜೊತೆಯಲ್ಲಿಯೇ ಬರುವುದು ಕಾಣುತ್ತದೆ. ಬಲಗಡೆಗೆ, ಕಟ್ಟಡಗಳ ಆಚೆಗೆ, ಠಾಣೆಯ ಖಾಡಿ. ಗುಡ್ಡಕ್ಕೂ ಖಾಡಿಗೂ ನಡುವೆ ಉದ್ದನೆಯ ಒಂದು ಪಟ್ಟಿಯಂತೆ ಈ ಊರುಗಳು ಬಿದ್ದುಕೊಂಡಿವೆ. ಇಲ್ಲಿಯ ಗಾಳಿಯ ಸಂಸಾರವೆಲ್ಲ ಈ ಎರಡರ ನಡುವಿನದು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಮಾತು ಸುಲಭವಾಗುತ್ತದೆ.

ತುರ್ಭೆ ಬಂತೆಂಬುದನ್ನು ಕಣ್ಣು ಮುಚ್ಚಿಕೊಂಡೇ ಹೇಳಬಹುದು; ಮೂಗು ತೆರೆದಿದ್ದರೆ ಸಾಕು. ಚಳಿಗಾಲದ ಬೆಳಗಿನ ಏಳು ಗಂಟೆಗೆ ಇಳಿದರೆ ಕಾರ್ಖಾನೆಗಳ ಹುಳಿ ವಾಸನೆಯೂ, ಕಲ್ಲುಗಣಿಯ ಪುಡಿಯೂ ಮೂಗಿಗೆ ತಾಗುತ್ತವೆ. ಮಧ್ಯಾಹ್ನ ಎರಡಕ್ಕೆ ಇಳಿದರೆ ಖಾಡಿಯ ಕೆಸರಿನ ವಾಸನೆ, ಅದರೊಡನೆ ಪೇಟೆಯ ಉಳ್ಳಾಗಡ್ಡಿಯ ಘಾಟು. ಮೊದಮೊದಲು ನಾನು ಇದನ್ನು ಊರಿನ ಗೊಂದಲವೆಂದು ತಿಳಿದಿದ್ದೆ. ಆಮೇಲೆ ಗೊತ್ತಾಯಿತು: ಕಾರ್ಖಾನೆಗಳೂ ಕಲ್ಲುಗಣಿಗಳೂ ಇರುವುದು ಸ್ಟೇಶನ್ನಿಗೆ ಮೂಡಲಲ್ಲಿ, ಗುಡ್ಡದ ಕಡೆಗೆ, ಪೇಟೆಯೂ ಖಾಡಿಯೂ ಇರುವುದು ಪಡುವಲಲ್ಲಿ. ಬೆಳಿಗ್ಗೆ ಗಾಳಿ ಗುಡ್ಡದಿಂದ ಬರುತ್ತದೆ, ಮಧ್ಯಾಹ್ನ ನೀರಿನಿಂದ ಬರುತ್ತದೆ. ಗಾಳಿ ಯಾವ ಕಡೆಯಿಂದ ಬರುತ್ತದೆಯೋ ಆ ಕಡೆಯ ಹೆಸರನ್ನೇ ಅದಕ್ಕೆ ಇಡುವುದು ಲೋಕದಲ್ಲೆಲ್ಲ ರೂಢಿ. ಪಡುವಲ ಗಾಳಿಯೆಂದರೆ ಪಡುವಲಿಗೆ ಹೋಗುವ ಗಾಳಿಯಲ್ಲ, ಪಡುವಲಿಂದ ಬರುವ ಗಾಳಿ. ಹುಡುಗರು ಪರೀಕ್ಷೆಯಲ್ಲಿ ಎಡವುವುದು ಇಲ್ಲಿಯೇ. ಮುಂಬಯಿಯ ಕನ್ನಡ ಶಾಲೆಯೊಂದರಲ್ಲಿ ಮೂವತ್ತು ವರ್ಷ ಭೂಗೋಳ ಹೇಳಿಕೊಟ್ಟವನ ಅನುಭವದ ಮಾತಿದು.

ಹಗಲಿನಲ್ಲಿ ನೆಲ ಬೇಗ ಕಾಯುತ್ತದೆ, ನೀರು ನಿಧಾನವಾಗಿ ಕಾಯುತ್ತದೆ. ಕಾದ ನೆಲದ ಮೇಲಿನ ಗಾಳಿ ಹಗುರಾಗಿ ಮೇಲಕ್ಕೇಳುತ್ತದೆ. ಅದರ ಜಾಗಕ್ಕೆ ಸಮುದ್ರದ ಕಡೆಯ ತಂಪು ಗಾಳಿ ನುಗ್ಗುತ್ತದೆ. ಇದು ಕಡಲ ಗಾಳಿ. ರಾತ್ರಿ ನೆಲ ಬೇಗ ಆರಿ ತಣ್ಣಗಾಗುವುದರಿಂದ ವ್ಯವಹಾರ ತಿರುಗುಮುರುಗಾಗಿ ನೆಲದ ಗಾಳಿ ನೀರಿನ ಕಡೆಗೆ ಹರಿಯುತ್ತದೆ. ಇಲ್ಲಿಯ ಮರಾಠಿ ಪಠ್ಯಪುಸ್ತಕಗಳಲ್ಲಿ ಮೊದಲನೆಯದಕ್ಕೆ ಖಾರೇ ವಾರೇ ಎಂದೂ ಎರಡನೆಯದಕ್ಕೆ ಮತಲಈ ವಾರೇ ಎಂದೂ ಹೆಸರು. ಖಾರಾ ಎಂದರೆ ಉಪ್ಪು. ಉಪ್ಪು ಗಾಳಿ ಎಂಬ ಹೆಸರು ನನಗೆ ನಮ್ಮ 'ಸಮುದ್ರ ಮಾರುತ'ಕ್ಕಿಂತ ರುಚಿಯಾಗಿ ತೋರಿದೆ. ತುರ್ಭೆಯಲ್ಲಿ ನೆಲದ ಗಾಳಿಗೆ ಗುಡ್ಡದ ಬೆಂಬಲವೂ ಇದೆ. ರಾತ್ರಿ ತಣ್ಣಗಾದ ಗಾಳಿ ಭಾರವಾಗಿ ಇಳಿಜಾರಿನಲ್ಲಿ ನೀರಿನಂತೆ ಕೆಳಕ್ಕೆ ಜಾರುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿಯ ಪದರವೊಂದು ಮುಚ್ಚಳದಂತೆ ಕುಳಿತರೆ ಹೊಗೆಯೂ ಧೂಳೂ ಕೆಳಗೇ ಸಿಕ್ಕಿಬೀಳುತ್ತವೆ. ಡಿಸೆಂಬರ, ಜನವರಿಗಳ ಬೆಳಿಗ್ಗೆ ಅಲ್ಲಿಯ ಮಕ್ಕಳು ಕೆಮ್ಮುವುದಕ್ಕೆ ಚಳಿಯೊಂದೇ ಕಾರಣವಲ್ಲ.

ಕಡಲ ಗಾಳಿ ಸಾಮಾನ್ಯವಾಗಿ ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆಯೇ ಬಂದು ಮುಂಬಯಿಯನ್ನು ಕಾಪಾಡುತ್ತದೆ. ಮೂಡಲ ಗಾಳಿಯ ಬಲ ಹೆಚ್ಚಾಗಿ ಅದು ಬರುವುದು ತಡವಾದ ದಿನ ಬಿಸಿಲು ಏರುತ್ತಲೇ ಹೋಗುತ್ತದೆ. ಸಾಂತಾಕ್ರೂಜಿನ ವೇಧಶಾಲೆಯಲ್ಲಿ ಮಾರ್ಚ್ ತಿಂಗಳ ಅತಿ ಹೆಚ್ಚಿನ ಉಷ್ಣತೆ 41.7 ಡಿಗ್ರಿ, ಅದು 1956ರ ಮಾರ್ಚ್ 28ರದು. ಬಿಸಿಲಿಗೆ ಹೆಸರಾದ ಗುಲಬರ್ಗೆಯವರೂ ಅಂಥ ದಿನ ಮುಂಬಯಿಗೆ ಬಂದರೆ ಪರಸ್ಥಳವೆಂದು ಭಾವಿಸಲಾರರು.

ಇನ್ನು ತಂಗಿಯ ಮನೆಗೆ ಬರೋಣ. ಅವಳ ಗಂಡನದು ವಿಜಾಪುರ ಜಿಲ್ಲೆಯ ಇಂಡಿ ತಾಲೂಕು. (ಜಿಲ್ಲೆಯ ಸರಕಾರಿ ಹೆಸರು 2014ರಿಂದ ವಿಜಯಪುರವಾಗಿದೆ, ನಮ್ಮ ಬಾಯಲ್ಲಿ ಇನ್ನೂ ವಿಜಾಪುರವೇ.) ಸಗಟು ಪೇಟೆಯಿಂದ ಉಳ್ಳಾಗಡ್ಡಿ, ಬಟಾಟೆ ತಂದು ತುರ್ಭೆ ಗಾಂವಿನ ಒಂದು ಪುಟ್ಟ ಅಂಗಡಿಯಲ್ಲಿ ಮಾರುತ್ತಾನೆ. ಅವನ ತಾಯಿಗೆ ಎಪ್ಪತ್ತೆಂಟು ವರ್ಷ. ಐವತ್ತು ವರ್ಷ ಹೊಲ ಮಾಡಿದ ಜೀವ. ಗಂಡ ತೀರಿಹೋದ ಮೇಲೆ ಮಗನ ಮನೆಗೆ ಬಂದರು. ಅಕ್ಷರ ಬಾರದು. ಆದರೆ ಮುಗಿಲಿನ ಕಡೆಗೆ ಒಂದು ಸಲ ಕತ್ತೆತ್ತಿ ನೋಡಿದರೆಂದರೆ, ಹಿಟ್ಟಿನ ಹದ ನೋಡಿದಷ್ಟೇ ಖಚಿತವಾಗಿ ನಾಳೆಯ ಹವೆಯನ್ನು ಹೇಳುತ್ತಿದ್ದರು. ಮನೆಯವರೆಲ್ಲರೂ ಅದನ್ನು ನಂಬುತ್ತಿದ್ದರು. ಚಾಳಿನ ನೆರೆಯವರೂ ಹಪ್ಪಳ ಒಣಹಾಕುವ ಮುಂಚೆ ಅವರನ್ನು ಕೇಳಿ ಹೋಗುತ್ತಿದ್ದುದುಂಟು.

2025ರ ಮೇ 25ರ ಭಾನುವಾರ ಏನಾಯಿತೆಂದರೆ, ತಂಗಿಯ ಗಂಡ ಹನ್ನೊಂದು ಚೀಲ ಉಳ್ಳಾಗಡ್ಡಿಯನ್ನು ಮೇಲಿನ ಗಚ್ಚಿಯ ಮೇಲೆ ಹರವಿದ್ದ. ಮಳೆಗಾಲಕ್ಕೆಂದು ಮನೆಗಳವರು ಚೀಲಗಟ್ಟಲೆ ಕೊಂಡಿಡುವ ಕಾಲ ಅದು. ಚೆನ್ನಾಗಿ ಗಾಳಿಯಾಡಿ ಒಣಗಿದ ಮಾಲಿಗೆ ಒಳ್ಳೆಯ ಬೆಲೆ. ಬಂಡವಾಳ ಕೈಗಡ. ಸಂಜೆ ಆಕಾಶದಲ್ಲಿ ಮೋಡ ಕಂಡು, "ಯವ್ವಾ, ತಾಡಪಾಲ ಹಾಕಿಬಿಡ್ಲೇನು?" ಎಂದು ತಾಯಿಯನ್ನು ಕೇಳಿದ. ಅವರು ಹೊರಗೆ ಬಂದು ನಿಂತರು. ಖಾಡಿಯ ಕಡೆಯಿಂದ ಗಾಳಿ ಜೋರಾಗಿ ಬೀಸುತ್ತಿತ್ತು. "ಪಡುವಲ ಗಾಳಿ ಬಿಟ್ಟೈತಿ. ಮ್ವಾಡ ಹಾರಿಸ್ಕೊಂಡು ಹೋಗ್ತೈತಿ. ಮಳಿ ಎಲ್ಲಿ ಬರ್ತೈತಪ್ಪಾ? ಮಿರಗ ಹೊಂದಾಕ ಇನ್ನೂ ಹದಿಮೂರು ದಿನ ಐತಿ. ತಾಡಪಾಲ ಹಾಕಿದ್ರ ಬೆವರಿ ಕೊಳೀತಾವು, ಹಂಗ ಬಿಡು," ಎಂದರು.

ಅವನು ಹಾಗೆಯೇ ಬಿಟ್ಟ. ಆ ರಾತ್ರಿ ಹಿಡಿದ ಮಳೆ ಮರುದಿನವೂ ಬಿಡಲಿಲ್ಲ. ಮೇ 26ರಂದು ಮುಂಗಾರು ಮುಂಬಯಿಯನ್ನು ಮುಟ್ಟಿತೆಂದು ಹವಾಮಾನ ಇಲಾಖೆಯವರು ಸಾರಿದರು. ಮುಂಬಯಿಗೆ ಅದು ಬರುವ ವಾಡಿಕೆಯ ದಿನ ಜೂನ್ 11. ಹದಿನಾರು ದಿನ ಮುಂಚೆ ಬಂದಿತ್ತು. ಅಲ್ಲಿಯವರೆಗಿನ ದಾಖಲೆಗಳಲ್ಲಿ ಮೇ 29ಕ್ಕಿಂತ ಮುಂಚೆ ಬಂದದ್ದೇ ಇರಲಿಲ್ಲ. ಕೊಲಾಬಾದಲ್ಲಿ ಆ ಮೇ ತಿಂಗಳಲ್ಲಿ ಬಿದ್ದ ಮಳೆ 1918ರ ದಾಖಲೆಯನ್ನೂ ಮೀರಿತು. ತುರ್ಭೆಯ ಗಚ್ಚಿಯ ಮೇಲಿನ ಹನ್ನೊಂದು ಚೀಲದಲ್ಲಿ ಎರಡು ಚೀಲದಷ್ಟು ಉಳಿಯಿತು.

ನಾನು ಮುಂದಿನ ಭಾನುವಾರ, ಜೂನ್ 1ರಂದು ಹೋದೆ. ಮೆಟ್ಟಿಲು ಹತ್ತುವಾಗಲೇ ಕೊಳೆತ ವಾಸನೆ ಎದುರುಗೊಂಡಿತು. ತಂಗಿ ಬಾಗಿಲಲ್ಲಿಯೇ ತಗ್ಗಿದ ದನಿಯಲ್ಲಿ, "ಅಣ್ಣಾ, ರೊಕ್ಕ ಹೋದದ್ದು ಹೋಯಿತು. ಇವರು ಒಂದು ಮಾತೂ ಅಂದಿಲ್ಲ. ಆದರೆ ಅತ್ತಿ ಆರು ದಿನದಿಂದ ಹೊರಗ ಬಂದಿಲ್ಲ. ಒಂದು ರೊಟ್ಟಿ ತಿಂದರ ಹೆಚ್ಚು," ಎಂದಳು. ಒಳಗೆ ಹೋದೆ. ಗೋಡೆಯ ಕಡೆಗೆ ಮುಖ ಮಾಡಿ ಕುಳಿತಿದ್ದರು. ಕುಶಲ ಕೇಳಿದ್ದಕ್ಕೆ, "ಮಾಸ್ತರ, ಇನ್ನ ಮುಗಲಾ ನೋಡಬಾರದು ನಾ. ನನ್ನ ಕಣ್ಣು ಸುಳ್ಳಾಗ್ಯಾವು," ಎಂದರು.

ಉಳ್ಳಾಗಡ್ಡಿಯ ವಾಸನೆಗಿಂತ ಈ ಮಾತು ನನ್ನನ್ನು ಹೆಚ್ಚು ನೋಯಿಸಿತು. ಏಕೆಂದರೆ ಅವರು ಹೇಳಿದ್ದು ಸುಳ್ಳಾಗಿರಲಿಲ್ಲ; ಇಂಡಿಯ ಹೊಲದಲ್ಲಿ ನಿಂತು ಹೇಳಿದ್ದರೆ ಅದು ನೂರಕ್ಕೆ ತೊಂಬತ್ತು ಪಾಲು ನಿಜವಾಗುತ್ತಿತ್ತು. ಅಲ್ಲಿ ಜೂನ್, ಜುಲೈಗಳಲ್ಲಿ ಪಡುವಲ ಗಾಳಿ ಹಗಲು ರಾತ್ರಿ ಬೀಸುತ್ತದೆ. ಮುಗಿಲಲ್ಲಿ ಮೋಡ ಓಡುತ್ತಲೇ ಇರುತ್ತದೆ, ನೆಲಕ್ಕೆ ಹನಿ ಬೀಳುವುದಿಲ್ಲ. ಗಾಳಿ ಬಿದ್ದು ಸೆಕೆ ಹಿಡಿದು, ಮೋಡ ಮೇಲಕ್ಕೆ ಬೆಳೆದಾಗಲೇ ಅಲ್ಲಿ ಮಳೆ. ಅವರ ಮಾತು ಐವತ್ತು ವರ್ಷದ ಲೆಕ್ಕ. ಆ ಲೆಕ್ಕವನ್ನು ಗಂಟು ಕಟ್ಟಿ ಸಹ್ಯಾದ್ರಿಯನ್ನು ದಾಟಿಸಿ ತಂದಾಗ, ದಾಟಿದ್ದೇನೆಂಬುದನ್ನು ಯಾರೂ ಅವರಿಗೆ ಹೇಳಿರಲಿಲ್ಲ.

"ಅವ್ವಾರ, ಗಚ್ಚಿಗೆ ಬರ್ರಿ, ನಿಮ್ಮ ಕಣ್ಣು ಖರೇನೋ ಸುಳ್ಳೋ ನೋಡೋಣ," ಎಂದೆ. ಬರಲೊಲ್ಲರು. ಕಡೆಗೆ ಮೊಮ್ಮಗ ಕೈಹಿಡಿದು ಎಳೆದ ಮೇಲೆ ಬಂದರು. ಹುಡುಗ ಏಳನೆಯ ಇಯತ್ತೆ ಮುಗಿಸಿ ಎಂಟಕ್ಕೆ ಹೋಗುವವನು. ಶಾಲೆಗೆ ಇನ್ನೂ ರಜೆ.

ಆ ಗಚ್ಚಿ ನಾಲ್ಕನೆಯ ಮಾಳಿಗೆಯ ಮೇಲಿದೆ. ಅಲ್ಲಿಂದ ಮೂಡಲಿಗೆ ಪಾರಸಿಕ್ ಗುಡ್ಡ. ಅದರ ಮೈಯನ್ನು ಕಲ್ಲುಗಣಿಗಳು ಬೇಕಾದ ಹಾಗೆ ಕೆತ್ತಿವೆ. 1970ರಲ್ಲಿ ಸಿಡ್ಕೋ ಸ್ಥಾಪನೆಯಾಗಿ ನವಿ ಮುಂಬಯಿ ಎದ್ದು ನಿಂತಾಗ ಇಲ್ಲಿಯ ಕಲ್ಲಿಗೆ ಬೇಡಿಕೆ ಬಂದಿತು. ಅದನ್ನು ಒಡೆದವರಲ್ಲಿ ನಮ್ಮ ಕಡೆಯ ಕೈಗಳೂ ಉಂಟು. ಗುಡ್ಡದ ಆಚೆಗೆ, ಗಾಳಿ ತಿಳಿಯಾಗಿದ್ದ ದಿನ, ನೀಲಿಯ ಗೀಟಿನಂತೆ ಮಾಥೇರಾನಿನ ಎತ್ತರ ಕಾಣುತ್ತದೆ. ಅದರ ಹಿಂದೆ ಸಹ್ಯಾದ್ರಿಯ ಗೋಡೆ. ಪಡುವಲಿಗೆ ಪೇಟೆಯ ತಗಡಿನ ಮಾಡುಗಳು, ಖಾಡಿ, ಅದರಾಚೆ ಮುಂಬಯಿ.

ನಾನು ಅವರನ್ನು ಖಾಡಿಗೆ ಬೆನ್ನುಕೊಟ್ಟು ನಿಲ್ಲಿಸಿದೆ. "ಈಗ ಬೆನ್ನಿಗೆ ಬೀಸೋದು ಪಡುವಲ ಗಾಳಿ ಹೌದಲ್ರಿ? ಇದು ಇಲ್ಲಿಂದ ಎಲ್ಲಿಗೆ ಹೋಗತೈತಿ?" ಎಂದೆ. "ಗುಡ್ಡಕ್ಕ." "ಅದರಾಚೆ?" "ಘಟ್ಟಕ್ಕ." "ಅದರಾಚೆ?" ಒಂದು ಕ್ಷಣ ತಡೆದು, "ನಮ್ಮೂರಿಗಿ," ಎಂದರು. ಆರು ದಿನದಲ್ಲಿ ಅವರ ಮುಖ ಮೊದಲ ಸಲ ನನ್ನ ಕಡೆಗೆ ತಿರುಗಿತು.

ಅಲ್ಲಿಂದ ನನ್ನ ಪಾಠ ನಡೆಯಿತು. ವಾಚಕರಿಗೂ ಅದನ್ನೇ ಹೇಳುತ್ತೇನೆ.

ಗಾಳಿ ಮೇಲೆ ಏರಿದಷ್ಟೂ ಹರಡಿಕೊಂಡು ತಣ್ಣಗಾಗುತ್ತದೆ: ಒಣ ಗಾಳಿಯಾದರೆ ಒಂದು ಕಿಲೋಮೀಟರಿಗೆ ಸುಮಾರು 10 ಡಿಗ್ರಿ. ತಣ್ಣಗಾದ ಗಾಳಿ ಹೆಚ್ಚು ನೀರಿನ ಆವಿಯನ್ನು ಹಿಡಿದಿಟ್ಟುಕೊಳ್ಳಲಾರದು; ಹೆಚ್ಚಾದದ್ದು ಹನಿಯಾಗಿ ಮೋಡವಾಗುತ್ತದೆ. ಇಳಿಯುವ ಗಾಳಿ ಒತ್ತಿಕೊಂಡು ಅದೇ ಲೆಕ್ಕದಲ್ಲಿ ಬಿಸಿಯಾಗುತ್ತದೆ, ಮೋಡ ಕರಗುತ್ತದೆ. ಅರಬ್ಬಿ ಸಮುದ್ರದಿಂದ ನೀರು ಹೊತ್ತು ಬಂದ ಗಾಳಿ ಸಹ್ಯಾದ್ರಿಗೆ ಎದೆಗೊಟ್ಟು ಏರಲೇಬೇಕು. ಏರುತ್ತ ಸುರಿಸುತ್ತದೆ. ಮುಂಬಯಿಯಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗೂ ಮೇಲೆ. ಘಟ್ಟದ ನೆತ್ತಿಯ ಮಹಾಬಳೇಶ್ವರದಲ್ಲಿ 5,000ಕ್ಕೂ ಮೇಲೆ. ನೆತ್ತಿ ದಾಟಿ ಇಳಿದ ಕೂಡಲೇ ಪುಣೆಯಲ್ಲಿ ಅದು 700ರ ಆಸುಪಾಸಿಗೆ ಬಂದು ನಿಲ್ಲುತ್ತದೆ; ವಿಜಾಪುರದಲ್ಲಿ 600ರ ಆಸುಪಾಸು. ಇದನ್ನು ಪುಸ್ತಕದಲ್ಲಿ ಮಳೆಯ ನೆರಳು ಎನ್ನುತ್ತಾರೆ. ಇಂಡಿಯ ರೈತನಿಗೆ ಅಲ್ಲಿ ಸಿಕ್ಕುವುದು ಸುರಿಸಿ ಮುಗಿಸಿದ ಗಾಳಿ. ಅವನ ನಿಜವಾದ ಮಳೆ ಸೆಪ್ಟೆಂಬರಿನದು, ಪಡುವಲ ಗಾಳಿಯ ಬಲ ಕುಗ್ಗಿದ ಮೇಲೆ ಬರುವ ಉತ್ತರಿ, ಹಸ್ತಗಳದು. ಅದನ್ನು ನೆಚ್ಚಿಯೇ ಅಲ್ಲಿ ಹಿಂಗಾರಿ ಜೋಳ.

ಹುಡುಗ ಸುಮ್ಮನಿರಲಿಲ್ಲ. "ಮಾಮಾ, ಖಾರೇ ವಾರೇ ಮಾರ್ಚಿನಲ್ಲಿಯೂ ದಿನಾ ಬರುತ್ತದೆ. ಅದೂ ಪಡುವಲ ಗಾಳಿ, ಅದರಲ್ಲಿಯೂ ನೀರಿದೆ. ಆಗ ಯಾಕೆ ಮಳೆ ಬರುವುದಿಲ್ಲ?" ಎಂದ.

ಮೂವತ್ತು ವರ್ಷದಲ್ಲಿ ನನ್ನನ್ನು ಈ ಪ್ರಶ್ನೆ ಕೇಳಿದ ಹುಡುಗರು ಇಬ್ಬರೋ ಮೂವರೋ. ಉತ್ತರ ಗಾಳಿಯ ದಿಕ್ಕಿನಲ್ಲಿಲ್ಲ, ಅದರ ದಪ್ಪದಲ್ಲಿದೆ. ಬೇಸಗೆಯ ಕಡಲ ಗಾಳಿ ತೆಳ್ಳಗಿನ ಪದರ. ಹೆಚ್ಚೆಂದರೆ ಒಂದು ಕಿಲೋಮೀಟರಿನ ಆಸುಪಾಸು. ಅದರ ಮೇಲೆ ಅರಬಸ್ತಾನದ ಕಡೆಯ ಮರಳುನಾಡಿನಿಂದ ಬಂದ ಬಿಸಿ ಒಣ ಗಾಳಿ ಕುಳಿತಿರುತ್ತದೆ. ಪಾತ್ರೆಯ ಮೇಲೆ ಭಾರದ ಮುಚ್ಚಳವಿಟ್ಟ ಹಾಗೆ, ಕೆಳಗಿನ ಆವಿ ಮೇಲೇಳಲಾರದು. ಅದಕ್ಕೇ ಏಪ್ರಿಲಿನಲ್ಲಿ ಮೈಗೆ ಬೆವರು, ಮುಗಿಲಿಗೆ ಮಳೆಯಿಲ್ಲ. ಮುಂಗಾರಿನಲ್ಲಿ ಬರುವುದು ಬೇರೆ ಗಾಳಿ. ಅದು ಹುಟ್ಟುವುದು ಭೂಮಧ್ಯರೇಖೆಯ ಆಚೆ, ಮಡಗಾಸ್ಕರಿಗೂ ಮೂಡಲ ದಿಕ್ಕಿನ ಸಮುದ್ರದಲ್ಲಿ. ರೇಖೆಯನ್ನು ದಾಟಿ, ಸೋಮಾಲಿಯಾದ ದಂಡೆಯನ್ನು ಸವರಿಕೊಂಡು, ಬಲಕ್ಕೆ ತಿರುಗಿ ಅರಬ್ಬಿ ಸಮುದ್ರವನ್ನಿಡೀ ದಾಟಿ ನಮ್ಮ ಕರಾವಳಿಗೆ ಬರುತ್ತದೆ. ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಅದರ ವೇಗ ಹೆಚ್ಚು. ಹೊಳೆಯಂತೆ ಓಡುವ ಆ ಪ್ರವಾಹವನ್ನು 1969ರಲ್ಲಿ ಫಿಂಡ್ಲೇಟರ್ ಎಂಬ ಆಂಗ್ಲ ವಿಜ್ಞಾನಿ ವಿವರಿಸಿ ಬರೆದನು. ದಾರಿಯುದ್ದಕ್ಕೂ ನೀರು ಹೀರಿಕೊಂಡ ಅದರ ತೇವ ಐದಾರು ಕಿಲೋಮೀಟರ್ ಎತ್ತರದವರೆಗೂ ತುಂಬಿರುತ್ತದೆ. ಮುಚ್ಚಳ ಹಾರಿಹೋಗುತ್ತದೆ. ದಿಕ್ಕು ಅದೇ ಪಡುವಲು, ಮೈಗೆ ತಾಗುವ ತಂಪೂ ಬಹುಮಟ್ಟಿಗೆ ಅದೇ, ಆಳ ಬೇರೆ.

ಹೀಗೆ ಒಂದು ದೊಡ್ಡ ಪ್ರದೇಶದ ಮೇಲೆ ಬಹಳ ದಿನ ನಿಂತೋ ನಿಧಾನವಾಗಿ ಚಲಿಸಿಯೋ ಆ ನೆಲದ, ಆ ನೀರಿನ ಗುಣವನ್ನು ಮೈಗೂಡಿಸಿಕೊಂಡ ಗಾಳಿಯ ರಾಶಿಯನ್ನು ವಾಯುರಾಶಿ ಎನ್ನುತ್ತಾರೆ. ಮರುಭೂಮಿಯಲ್ಲಿ ನಿಂತದ್ದು ಒಣಗುತ್ತದೆ, ಕಡಲ ಮೇಲೆ ನಿಂತದ್ದು ನೆನೆಯುತ್ತದೆ, ಹಿಮದ ಮೇಲೆ ನಿಂತದ್ದು ಹೆಪ್ಪುಗಟ್ಟುವಷ್ಟು ತಣ್ಣಗಾಗುತ್ತದೆ. ಆಮೇಲೆ ಹೊರಟು ಎಲ್ಲಿಗೆ ಹೋದರೂ ತನ್ನ ತವರಿನ ಗುಣವನ್ನು ಕೆಲವು ದಿನ ಉಳಿಸಿಕೊಂಡೇ ಇರುತ್ತದೆ. ದಾರಿಯಲ್ಲಿ ಮೆಲ್ಲಮೆಲ್ಲನೆ ಬದಲಾಗುತ್ತದೆ. (ನಮ್ಮ ಮನೆಗಳ ಕನ್ನಡವನ್ನು ನೆನೆದುಕೊಂಡರೆ ಇದು ಚೆನ್ನಾಗಿ ಅರ್ಥವಾಗುತ್ತದೆ.) ಈ ವಿಚಾರವನ್ನು ಬೆಳೆಸಿದವರು ಮೊದಲ ಮಹಾಯುದ್ಧದ ಕಡೆಯ ವರ್ಷಗಳಲ್ಲಿ ನಾರ್ವೆಯ ಬರ್ಗೆನ್ ನಗರದಲ್ಲಿ ಕೆಲಸ ಮಾಡುತ್ತಿದ್ದ ವಿಲ್ಹೆಲ್ಮ್ ಬ್ಯರ್ಕ್ನೆಸ್ ಮತ್ತು ಅವರ ಸಂಗಡಿಗರು. ಬಿಸಿಯ ರಾಶಿಯೂ ತಂಪಿನ ರಾಶಿಯೂ ಎದುರುಬದುರಾಗುವ ಗಡಿಗೆ ಅವರು ಯುದ್ಧದ ಮಾತನ್ನೇ ಎರವಲು ಪಡೆದು ಫ್ರಂಟ್, ಎಂದರೆ ರಣಮುಖ, ಎಂದು ಹೆಸರಿಟ್ಟರು. ನಮ್ಮ ಸೀಮೆಯಲ್ಲಿ ಆ ಬಗೆಯ ಕಾಳಗ ಅಪರೂಪ. ಅದು ಯುರೋಪಿನವರ ಬಾಳು; ವಿದೇಶದಲ್ಲಿರುವ ನಮ್ಮ ಮಕ್ಕಳು ಫೋನಿನಲ್ಲಿ ಹೇಳಿದಾಗ ತಿಳಿದರೆ ಸಾಕು.

ಅಷ್ಟು ಹೊತ್ತಿಗೆ ಅವ್ವನವರು ಕಟ್ಟೆಯ ಮೇಲೆ ಕುಳಿತು ಮುಗಿಲನ್ನು ನೋಡತೊಡಗಿದ್ದರು. ಮಳೆ ಎರಡು ದಿನ ಬಿಡುವು ಕೊಟ್ಟಿತ್ತು. ಖಾಡಿಯ ಮೇಲೆ ಹತ್ತಿಯ ಹಿಂಡಿಗಳಂಥ ಮೋಡಗಳು ಸಾಲಾಗಿ ಬರುತ್ತಿದ್ದವು. ನಾನು ಹುಡುಗನಿಗೆ ಅವುಗಳ ತಳವನ್ನು ನೋಡೆಂದೆ. ಎಲ್ಲವೂ ಹಲಗೆಯ ಮೇಲಿಟ್ಟಂತೆ ಒಂದೇ ಮಟ್ಟದಲ್ಲಿ ಚಪ್ಪಟೆ. ಏರುತ್ತಿರುವ ಆವಿ ಹನಿಯಾಗುವುದಕ್ಕೆ ಬೇಕಾದ ತಂಪು ಎಷ್ಟು ಎತ್ತರದಲ್ಲಿ ಸಿಕ್ಕುತ್ತದೆಯೋ ಅಲ್ಲಿಂದ ಮೋಡದ ತಳ. ಗಾಳಿಯಲ್ಲಿ ತೇವ ಹೆಚ್ಚಿದಷ್ಟೂ ತಳ ಕೆಳಕ್ಕಿಳಿಯುತ್ತದೆ. ಪಾರಸಿಕ್ ಗುಡ್ಡದ ನೆತ್ತಿ ಮೋಡದೊಳಗೆ ಮುಳುಗಿತೆಂದರೆ ತುರ್ಭೆಯವರು ಕೊಡೆ ಹುಡುಕಬಹುದು.

ಮೋಡಗಳಿಗೆ ಇಂದು ನಾವು ಪುಸ್ತಕದಲ್ಲಿ ಓದುವ ಹೆಸರುಗಳನ್ನು 1802ರಲ್ಲಿ ಇಟ್ಟವನು ಲಂಡನ್ನಿನ ಲ್ಯೂಕ್ ಹೊವರ್ಡ್. ವೃತ್ತಿಯಿಂದ ಔಷಧ ತಯಾರಿಸುವವನು. ಕೂದಲೆಳೆಯಂತೆ ಅತಿ ಎತ್ತರದಲ್ಲಿರುವುದು ಸಿರಸ್. ನಮ್ಮ ಪಠ್ಯಗಳಲ್ಲಿ ಹಿಮಕಣ ಮೋಡ, ಏಕೆಂದರೆ ಅದು ಮಂಜುಗಡ್ಡೆಯ ಕಣಗಳದು. ಹಾಸಿಗೆಯಂತೆ ಹರಡಿದ್ದು ಸ್ಟ್ರೇಟಸ್, ಪದರ ಮೋಡ. ಗುಡ್ಡೆ ಹಾಕಿದಂಥದು ಕ್ಯುಮುಲಸ್, ರಾಶಿ ಮೋಡ. ಮಳೆ ಸುರಿಸುವುದು ನಿಂಬಸ್. ಈ ನಾಲ್ಕನ್ನು ಕೂಡಿಸಿ ಬೆರಸಿ ಉಳಿದ ಹೆಸರುಗಳಾಗಿವೆ. ಮಳೆಯೂ ರಾಶಿಯೂ ಸೇರಿದ ಕ್ಯುಮುಲೋನಿಂಬಸ್ ಎಂದರೆ ಸಿಡಿಲು ಗುಡುಗುಗಳ ಒಡೆಯ. ಹುಡುಗ ಈ ಲ್ಯಾಟಿನ್ ಹೆಸರುಗಳನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದ. ಅವ್ವನವರು ಕೇಳುತ್ತಿದ್ದು, "ಹಿಂಜಿದ ಅರಳಿ, ಹಾಸಿದ ಕಂಬಳಿ, ಒಟ್ಟಿದ ಬಣವಿ. ಇಷ್ಟಕ್ಕ ಸಾಲಿಗಿ ಹೋಗಬೇಕೇನ್ರಿ ಮಾಸ್ತರ?" ಎಂದರು. ಹೊವರ್ಡನೂ ಮೆಚ್ಚುತ್ತಿದ್ದನೆಂದು ಕಾಣುತ್ತದೆ. ಅವನ ಲ್ಯಾಟಿನ್ ಹೆಸರುಗಳ ಅರ್ಥವೂ ಹೆಚ್ಚುಕಡಿಮೆ ಅದೇ.

ಬಣವೆಯ ಮೋಡದ ವಿಷಯದಲ್ಲಿ ಅವರಿಗೆ ಹೇಳಬೇಕಾದ ಸಂತೋಷದ ಮಾತೊಂದಿತ್ತು. "ಮೂಡಲಾಗ ಬಣವಿ ಎದ್ರ ಸಂಜಿಗಿ ಗುಡುಗು" ಎಂಬ ಅವರ ಇನ್ನೊಂದು ಲೆಕ್ಕ ತುರ್ಭೆಯಲ್ಲಿಯೂ ನಡೆಯುತ್ತದೆ. ಮೇ ತಿಂಗಳಲ್ಲಿ, ಮತ್ತೆ ಅಕ್ಟೋಬರಿನಲ್ಲಿ, ಮಧ್ಯಾಹ್ನದ ಮೇಲೆ ಸಹ್ಯಾದ್ರಿಯ ಮೇಲೆ ರಾಶಿ ಮೋಡ ಬೆಳೆಯುತ್ತದೆ. ನೆತ್ತಿ ಕಮ್ಮಾರನ ಅಡಿಗಲ್ಲಿನಂತೆ ಅಗಲವಾಗುತ್ತದೆ. ಮೇಲಿನ ಮೂಡಲ ಗಾಳಿ ಅದನ್ನು ನಮ್ಮ ಕಡೆಗೆ ತಳ್ಳಿದರೆ ಸಂಜೆ ಕಲ್ಯಾಣ, ಡೋಂಬಿವಲಿ, ತುರ್ಭೆಗಳಲ್ಲಿ ಮಿಂಚು, ಗಾಳಿ, ದಪ್ಪ ಹನಿ. ನಮ್ಮಲ್ಲಿ ಅಡ್ಡಮಳೆಯೆಂಬುದನ್ನೇ ಇಲ್ಲಿಯವರು ವಳೀವ ಎನ್ನುತ್ತಾರೆ. "ಅಂದರ ಅರ್ಧ ಖರೆ," ಎಂದರು ಅವ್ವನವರು. "ಅರ್ಧಕ್ಕಿಂತ ಹೆಚ್ಚು," ಎಂದೆ.

ತಂಗಿಯ ಗಂಡನಿಗೂ ನನಗೆ ಹೇಳಬೇಕಾದದ್ದಿತ್ತು. ಅದನ್ನು ಊಟದ ಹೊತ್ತಿನಲ್ಲಿ ಹೇಳಿದೆ. ಪಂಚಾಂಗದ ಮಿರಗ ಸೂರ್ಯನ ಲೆಕ್ಕ. ಜೂನ್ 7 ಅಥವಾ 8ಕ್ಕೆ ತಪ್ಪದೆ ಬರುತ್ತದೆ. ಮುಂಗಾರು ಆ ದಿನವೇ ಬರುತ್ತೇನೆಂದು ಯಾರಿಗೂ ಬರೆದುಕೊಟ್ಟಿಲ್ಲ. 2025ರಲ್ಲಿ ಅರಬ್ಬಿ ಸಮುದ್ರದ ಮೇಲಿನ ವಾಯುಭಾರ ಕುಸಿತವೊಂದು ಮೇ 24ರಂದು ರತ್ನಾಗಿರಿ, ದಾಪೋಲಿಗಳ ನಡುವೆ ದಂಡೆಗೆ ಹತ್ತಿತ್ತು. ಅದೇ ದಿನ ಮುಂಗಾರು ಕೇರಳವನ್ನು ಮುಟ್ಟಿತ್ತು. ಎರಡು ದಿನದಲ್ಲಿ ಮುಂಬಯಿ. ಇಲಾಖೆಯವರು ಫೋನಿಗೆ ಕಳಿಸುವ ಬಣ್ಣಗಳನ್ನು ಅವನು ದಿನವೂ ಕಾಣುತ್ತಿದ್ದ, ನೋಡುತ್ತಿರಲಿಲ್ಲ. ಹಸಿರಾದರೆ ಯೋಚನೆಯಿಲ್ಲ, ಹಳದಿಯಾದರೆ ಗಮನವಿರಲಿ, ಕಿತ್ತಳೆಯಾದರೆ ಸಿದ್ಧರಾಗಿರಿ, ಕೆಂಪಾದರೆ ಕೆಲಸ ಬಿಟ್ಟು ಎದ್ದೇಳಿ. ಅವರ ಮಾತಿನಲ್ಲಿ ಒಂದು ದಿನಕ್ಕೆ 64.5 ಮಿಲಿಮೀಟರಿನಿಂದ ಮೇಲೆ ಭಾರೀ ಮಳೆ, 115.6ರಿಂದ ಮೇಲೆ ಅತಿ ಭಾರೀ, 204.4ನ್ನು ದಾಟಿದರೆ ಅದಕ್ಕೂ ಮಿಗಿಲಾದ ಹೆಸರು. ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಚದರ ಮೀಟರ್ ನೆಲದ ಮೇಲೆ ಒಂದು ಲೀಟರ್ ನೀರು. ಈ ಲೆಕ್ಕ ಗೊತ್ತಿದ್ದರೆ ಅಂಕಿಗಳಿಗೆ ಜೀವ ಬರುತ್ತದೆ. 2005ರ ಜುಲೈ 26ಕ್ಕೆ ಸಾಂತಾಕ್ರೂಜಿನಲ್ಲಿ ಬಿದ್ದದ್ದು 944 ಮಿಲಿಮೀಟರ್. ಹತ್ತಡಿ ಉದ್ದ, ಹತ್ತಡಿ ಅಗಲದ ಒಂದು ಖೋಲಿಯ ಮಾಡಿನ ಮೇಲೆ 8,700 ಲೀಟರಿಗೂ ಮಿಕ್ಕಿ. ಅದೇ ದಿನ ಕೊಲಾಬಾದಲ್ಲಿ 73 ಮಿಲಿಮೀಟರ್. ಒಂದೇ ಊರು, ಒಂದೇ ದಿನ. ಆ ಸಂಜೆ ಶಾಲೆಯಲ್ಲಿಯೇ ಉಳಿದ ನಲವತ್ತು ಮಕ್ಕಳೊಡನೆ ರಾತ್ರಿ ಕಳೆದವನು ನಾನು. ಆ ಅಂಕಿಯನ್ನು ಪುಸ್ತಕ ನೋಡದೆಯೇ ಬರೆಯುತ್ತೇನೆ.

ಉಳ್ಳಾಗಡ್ಡಿ ಕೊಳೆತರೆ ಮುಂದಿನ ವರ್ಷ ಬೇರೆ ಬರುತ್ತದೆ. ತುರ್ಭೆಯ ಗುಡ್ಡದ ಇಳಿಜಾರಿನಲ್ಲಿ, ಕಡಿದ ಬಂಡೆಗಳ ಕೆಳಗೆ ತಗಡಿನ ಮನೆಗಳಿವೆ. ಅಲ್ಲಿ ನಮ್ಮವರೂ ಇದ್ದಾರೆ. ಅವರಿಗೆ ಫೋನಿನಲ್ಲಿ ಬರುವುದು ಇಂಗ್ಲಿಷು ಅಥವಾ ಮರಾಠಿ. ಬಾಯಲ್ಲಿ ಇರುವುದು ಇಂಡಿ, ಸಿಂದಗಿ, ಅಫಜಲಪುರಗಳ ಲೆಕ್ಕ. ಪಡುವಲ ಗಾಳಿ ಬೀಸಿದಾಗ ಮಳೆ ಬಾರದೆಂದು ಅವರೂ ಮಲಗಿರಬಹುದು. ಈ ಮಾತನ್ನು ನಾನು ಹೇಳುತ್ತಿದ್ದಾಗ ಅವ್ವನವರು ರೊಟ್ಟಿಯ ಎರಡನೆಯ ತುಂಡನ್ನು ಕೈಯಲ್ಲಿ ಹಿಡಿದವರು ಹಾಗೆಯೇ ನಿಲ್ಲಿಸಿ, "ಮೇಲಿನ ಓಣ್ಯಾಗ ನಮ್ಮೂರ ಕಡೀ ಹೆಣ್ಣುಮಕ್ಕಳು ಏಳೆಂಟು ಮಂದಿ ಅದಾರ. ನಾಳಿ ಹೋಗಿ ಹೇಳಿ ಬರ್ತೀನಿ," ಎಂದರು.

ಹೋಗಿ ಹೇಳಿದರೆಂದು ತಂಗಿ ಆಮೇಲೆ ತಿಳಿಸಿದಳು. ಹಳೆಯ ಸೀರೆಯ ಅಂಚೊಂದನ್ನು ಹರಿದು ಗಚ್ಚಿಯ ಸಲಾಕೆಗೆ ಕಟ್ಟಿದ್ದಾರಂತೆ. ಅದು ಯಾವ ಕಡೆಗೆ ಹಾರುತ್ತದೆಂದು ದಿನಕ್ಕೆ ಮೂರು ಸಲ ಹೋಗಿ ನೋಡುತ್ತಾರಂತೆ. ಬೆಳಿಗ್ಗೆ ಖಾಡಿಯ ಕಡೆಗೆ ಹಾರಿದರೆ ಹಪ್ಪಳಕ್ಕೆ ಅಪ್ಪಣೆ.

ಜುಲೈ ತಿಂಗಳಲ್ಲಿ ನಾನು ಮತ್ತೆ ಹೋದ ದಿನ ತುರ್ಭೆಯಲ್ಲಿ ಜಡಿಮಳೆ. ಗುಡ್ಡ ಕಾಣುತ್ತಿರಲಿಲ್ಲ. ಅವ್ವನವರು ಊರಿನಲ್ಲಿರುವ ಹಿರಿಯ ಮಗನೊಡನೆ ಫೋನಿನಲ್ಲಿ ಮಾತಾಡುತ್ತಿದ್ದರು. ಅವರ ದನಿ ಮಳೆಯ ಸದ್ದನ್ನೂ ಮೀರಿ ಪಡಸಾಲೆಗೆ ಕೇಳಿಸುತ್ತಿತ್ತು. ಅಲ್ಲಿ ಬರೀ ಗಾಳಿ, ಬಿತ್ತಿದ ತೊಗರಿ ಬಾಡುತ್ತಿದೆ ಎಂದು ಆತ ಹೇಳಿದನೆಂದು ಕಾಣುತ್ತದೆ.

"ಪಡುವಲ ಗಾಳಿ ಐತಲ್ಲ, ಅದು ನಿಮ್ಮಲ್ಲಿಗಿ ಬರೂದರಾಗ ಬರಿಗೈಲೆ ಬರ್ತೈತಿ," ಎನ್ನುತ್ತಿದ್ದರು. "ಹೊತ್ತ ಕೊಡ ಎಲ್ಲಾ ಇಲ್ಲೇ, ಘಟ್ಟದಾಗ ಸುರುವಿ ಬರ್ತೈತಿ. ನಾ ಇಲ್ಲಿ ಕಣ್ಣಾರೆ ನೋಡಾಕತ್ತೀನಿ. ನೀ ಗಾಳಿ ಬೀಳೂ ತನಕಾ ದಾರಿ ನೋಡು. ಉತ್ತರಿ ಬರ್ಲಿ."